ನಿಮಗಿದು ಗೊತ್ತೇ? ರಾಯಭಾರಿ ಹರ್ಬರ್ಟ್ ನಾರ್ಮನ್ ಬೆನ್ನು ಬಿಡದ ಕಡತ

ಕೆನಡಾದ ರಾಜತಾಂತ್ರಿಕ, ಜಪಾನಿನ ಇತಿಹಾಸಕಾರ ಎಗರ್ಟನ್ ಹರ್ಬರ್ಟ್ ನಾರ್ಮನ್ ಅವರ ಮೇಲೆ ಬೇಹುಗಾರಿಕೆಯ ಮೊಕದ್ದಮೆ ಎಂದೂ ದಾಖಲಾಗಲಿಲ್ಲ. ಯಾವ ನ್ಯಾಯಾಲಯವೂ ಅವರನ್ನು ಕಟಕಟೆಗೆ ಕರೆಯಲಿಲ್ಲ. ಅವರ ಸರ್ಕಾರ ಎರಡು ಸಲ ತನಿಖೆ ಮಾಡಿ ಎರಡು ಸಲವೂ ಅವರನ್ನು ಕೆಲಸದಲ್ಲಿ ಉಳಿಸಿಕೊಂಡಿತು. ಆದರೂ ಆ ಶಂಕೆಯ ಭಾರ ತಾಳದೆ 47ನೇ ವಯಸ್ಸಿನಲ್ಲಿ ಅವರು ಪ್ರಾಣ ಕಳೆದುಕೊಂಡರು. ಈ ಸಲದ ಅಂಕಣ ಪೂರ್ತಿ ಅವರಿಗೆ ಮೀಸಲು.

ನಾರ್ಮನ್ ಹುಟ್ಟಿದ್ದು ಕೆನಡಾದಲ್ಲಲ್ಲ, ಜಪಾನಿನ ಕರುಯಿಜಾವಾದಲ್ಲಿ, 1909ರ ಸೆಪ್ಟೆಂಬರ್ 1ರಂದು. ಅಸಾಮಾ ಜ್ವಾಲಾಮುಖಿಯ ತಪ್ಪಲಿನ ಈ ತಂಪು ಊರಿಗೆ ಟೋಕಿಯೊದ ಸೆಕೆ ತಾಳದ ವಿದೇಶಿಯರು ಬೇಸಿಗೆಗೆಂದು ಬರುತ್ತಿದ್ದರು. ತಂದೆ ಡೇನಿಯಲ್ ನಾರ್ಮನ್ ಮೆಥಡಿಸ್ಟ್ ಪಾದ್ರಿ. ನಾಗಾನೊ ಸೀಮೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿ ಅಲ್ಲಿಯವರೇ ಆಗಿಬಿಟ್ಟಿದ್ದರು. ಹಾಗಾಗಿ ಹುಡುಗನಿಗೆ ಜಪಾನೀ ಭಾಷೆ ಬಂದದ್ದು ಪುಸ್ತಕದಿಂದಲ್ಲ, ಅಂಗಳದಿಂದ.

ಇಂಥದೇ ಇನ್ನೊಂದು ಮನೆಯಲ್ಲಿ, ಒಂದು ವರ್ಷದ ಅಂತರದಲ್ಲಿ, ಟೋಕಿಯೊದಲ್ಲಿ ಇನ್ನೊಬ್ಬ ಮಿಷನರಿ ಮಗ ಹುಟ್ಟಿದ್ದು ಗೊತ್ತೇ? ಎಡ್ವಿನ್ ರೈಶಾವರ್. ಇಬ್ಬರೂ ಜಪಾನಿನ ಇತಿಹಾಸಕಾರರಾದರು, ಇಬ್ಬರೂ ಹಾರ್ವರ್ಡಿನಲ್ಲಿ ಓದಿದರು, ಇಬ್ಬರೂ ರಾಯಭಾರಿಗಳಾದರು. ರೈಶಾವರ್ 1961ರಲ್ಲಿ ಅಮೆರಿಕದ ರಾಯಭಾರಿಯಾಗಿ ತಾವು ಹುಟ್ಟಿದ ಊರಿಗೇ ಮರಳಿದರು. ಅಷ್ಟು ಹೊತ್ತಿಗೆ ನಾರ್ಮನ್ ಸತ್ತು ನಾಲ್ಕು ವರ್ಷವಾಗಿತ್ತು.

ಹದಿಹರೆಯದಲ್ಲಿ ನಾರ್ಮನ್ ಅವರಿಗೆ ಕ್ಷಯ ತಗುಲಿತು. ಕೆನಡಾದ ಕ್ಯಾಲ್ಗರಿಯ ಆರೋಗ್ಯಧಾಮದಲ್ಲಿ ದೀರ್ಘಕಾಲ ಹಾಸಿಗೆ ಹಿಡಿದಿದ್ದು, ಚೇತರಿಸಿಕೊಂಡು ಟೊರಾಂಟೊದಲ್ಲಿ ಕಾಲೇಜು ಸೇರಿದರು.

1933ರಲ್ಲಿ ಅವರು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಬಂದರು. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ ಅದು. ಇಂಗ್ಲೆಂಡಿನಲ್ಲಿ ನಿರುದ್ಯೋಗಿಗಳು ಊರಿಂದೂರಿಗೆ ಹಸಿವಿನ ಮೆರವಣಿಗೆ ಹೊರಟಿದ್ದ ಕಾಲ. ಜಾನ್ ಕಾರ್ನ್‌ಫರ್ಡ್ ಎಂಬ ಹದಿಹರೆಯದ ಕವಿ ನಾರ್ಮನ್ ಅವರನ್ನು ಕಮ್ಯುನಿಸ್ಟ್ ಪಕ್ಷಕ್ಕೆ ಕರೆತಂದರು. ಈ ಕಾರ್ನ್‌ಫರ್ಡ್ ಚಾರ್ಲ್ಸ್ ಡಾರ್ವಿನ್ ಅವರ ಮರಿಮೊಮ್ಮಗ. 1936ರ ಡಿಸೆಂಬರಿನಲ್ಲಿ, 21 ತುಂಬಿದ ಬೆನ್ನಿಗೇ, ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೊ ಪಡೆಯ ವಿರುದ್ಧ ಹೋರಾಡುತ್ತ ಸತ್ತರು.

ಇನ್ನು ನಮಗೆ ಹತ್ತಿರದ ಸಂಗತಿ. ನಾರ್ಮನ್ ಮೇಲಿನ ಶಂಕೆಯ ಮೊದಲ ಎಳೆ ಹುಡುಕುತ್ತ ಹೋದರೆ ಸಿಗುವುದು ಮಾಸ್ಕೋ ಅಲ್ಲ, ಭಾರತ! ಕೇಂಬ್ರಿಡ್ಜಿನಲ್ಲಿ ಪಕ್ಷ ಅವರಿಗೆ ಒಪ್ಪಿಸಿದ್ದ ಕೆಲಸವೆಂದರೆ ವಸಾಹತುಗಳಿಂದ ಬಂದ ವಿದ್ಯಾರ್ಥಿಗಳ, ಅದರಲ್ಲೂ ಭಾರತೀಯ ವಿದ್ಯಾರ್ಥಿಗಳ ನಡುವೆ ಓಡಾಡಿ ಅವರನ್ನು ಒಟ್ಟುಗೂಡಿಸುವುದು. ನಮ್ಮ ಹುಡುಗರ ಮೇಲೆ ಆಗ ಬ್ರಿಟಿಷ್ ಗುಪ್ತಚರರಿಗೆ ಸದಾ ಒಂದು ಕಣ್ಣು. ಸ್ವಾತಂತ್ರ್ಯದ ಮಾತಾಡುವ ಭಾರತೀಯನ ಪಕ್ಕ ಕೂತವನೂ ಆ ಕಣ್ಣಿಗೆ ಬೀಳಲೇಬೇಕು. ಹೀಗೆ ನಾರ್ಮನ್ ಹೆಸರು 1935ರ ಹೊತ್ತಿಗೇ ಲಂಡನ್ನಿನ ಎಂಐ5 ಕಡತ ಸೇರಿತು. ಹದಿನಾರು ವರ್ಷ ಧೂಳು ತಿಂದ ಆ ಟಿಪ್ಪಣಿ 1951ರಲ್ಲಿ ಕೆನಡಾದ ಪೊಲೀಸರ ಮೇಜಿಗೆ ಬಂತು.

ಅವರು ಕೇಂಬ್ರಿಡ್ಜ್ ಬಿಟ್ಟ ಮೇಲೆ ಭಾರತೀಯ ವಿದ್ಯಾರ್ಥಿಗಳ ನಂಟನ್ನು ಮುಂದುವರಿಸಿದವರು ವಿಕ್ಟರ್ ಕಿಯರ್ನನ್. ಇವರು 1938ರಲ್ಲಿ ಭಾರತಕ್ಕೇ ಬಂದು ಎಂಟು ವರ್ಷ ನಿಂತರು. ಲಾಹೋರಿನಲ್ಲಿ ಪಾಠ ಹೇಳಿದರು. ಉರ್ದು ಕಲಿತು ಇಕ್ಬಾಲ್ ಮತ್ತು ಫೈಜ್ ಅವರ ಕವಿತೆಗಳನ್ನು ಇಂಗ್ಲಿಷಿಗೆ ತಂದವರು ಇವರೇ.

ಮುಂದೆ ಸೋವಿಯತ್ ಗೂಢಚಾರರೆಂದು ಸಾಬೀತಾದ ಕಿಮ್ ಫಿಲ್ಬಿ, ಗೈ ಬರ್ಜಸ್, ಆಂಥನಿ ಬ್ಲಂಟ್, ಜಾನ್ ಕೆರ್ನ್‌ಕ್ರಾಸ್ ಈ ನಾಲ್ವರೂ ಟ್ರಿನಿಟಿ ಕಾಲೇಜಿನವರು ಎಂಬುದು ಗೊತ್ತೇ? ಐದನೆಯವರಾದ ಡೊನಾಲ್ಡ್ ಮೆಕ್ಲೀನ್ ಮಗ್ಗುಲಿನ ಟ್ರಿನಿಟಿ ಹಾಲ್‌ನವರು. ಅದೇ ಕಾಲ, ಅದೇ ಕಾಲೇಜು. ನಾರ್ಮನ್ ಮೇಲಿನ ಗುಮಾನಿಗೆ ಇದಕ್ಕಿಂತ ದೊಡ್ಡ ಆಸರೆ ಬೇಕಿರಲಿಲ್ಲ.

ಕೇಂಬ್ರಿಡ್ಜಿನಿಂದ ಹಾರ್ವರ್ಡಿಗೆ ಹೋದ ನಾರ್ಮನ್ ಅಲ್ಲಿ ಬರೆದ ಪ್ರೌಢಪ್ರಬಂಧ 1940ರಲ್ಲಿ ಪುಸ್ತಕವಾಯಿತು. ಆಧುನಿಕ ರಾಷ್ಟ್ರವಾಗಿ ಜಪಾನ್ ತಲೆಯೆತ್ತಿದ ಬಗೆ ಅದರ ವಿಷಯ. ಶೋಗನರ ಆಳ್ವಿಕೆ ಮುಗಿಸಿದ 1868ರ ಮೇಜಿ ಬದಲಾವಣೆ ಜನ ಎದ್ದು ತಂದದ್ದಲ್ಲ, ಕೆಳದರ್ಜೆಯ ಸಮುರಾಯಿಗಳು ದೊಡ್ಡ ವರ್ತಕರ ಹಣದ ಬಲದಿಂದ ಮೇಲಿನಿಂದ ತಂದದ್ದು. ಅದಕ್ಕೇ ಆ ರಾಜ್ಯದ ಎಲುಬಿನಲ್ಲೇ ಸರ್ವಾಧಿಕಾರದ ಗುಣ ಉಳಿಯಿತು, ರೈತನ ಬೆನ್ನ ಮೇಲೆ ಕಂದಾಯದ ಹೊರೆ ಉಳಿಯಿತು. ಇದು ಅವರ ವಾದ. ಜಪಾನ್ ಸೋತಾಗ ಅಲ್ಲಿನ ಆಡಳಿತ ತಿದ್ದಲು ಹೋದ ಅಮೆರಿಕನ್ ಅಧಿಕಾರಿಗಳು ಓದಿಕೊಂಡು ಹೋದ ಪುಸ್ತಕಗಳಲ್ಲಿ ಇದು ಮುಖ್ಯವಾದದ್ದು. ಬರೆದಾಗ ಅವರಿಗೆ ಮೂವತ್ತು ವರ್ಷ.

1939ರಲ್ಲಿ ಕೆನಡಾದ ವಿದೇಶಾಂಗ ಇಲಾಖೆ ಸೇರಿದ ನಾರ್ಮನ್ 1940ರಲ್ಲಿ ಭಾಷಾಧಿಕಾರಿಯಾಗಿ ಟೋಕಿಯೊಗೆ ಬಂದರು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿಯಾದದ್ದೇ ತಡ, ಕೆನಡಾದ ಸಿಬ್ಬಂದಿ ಕಚೇರಿಯ ಆವರಣದೊಳಗೇ ಬಂದಿಗಳಾದರು. ಹುಟ್ಟಿದ ನೆಲದಲ್ಲೇ ಶತ್ರುವಾಗಿ ಅರ್ಧ ವರ್ಷ ಕಳೆದರು.

ಈಗ ಹೇಳುವ ಘಟನೆಯ ಬಳಿ ಸ್ವಲ್ಪ ನಿಲ್ಲಬೇಕು. ಯುದ್ಧದ ನಡುವೆ ಎರಡೂ ಕಡೆಯವರು ತಮ್ಮಲ್ಲಿ ಸಿಕ್ಕಿಬಿದ್ದಿದ್ದ ಪರದೇಶಿಯರನ್ನು ಅದಲುಬದಲು ಮಾಡಿಕೊಂಡರು. ಜಾಗ, ಆಫ್ರಿಕದ ಪೂರ್ವ ತೀರದ ಲೊರೆನ್ಸೊ ಮಾರ್ಕೆಸ್. ಇಂದಿನ ಮೊಜಾಂಬಿಕಿನ ಮಪುಟೊ. ಆಗ ತಟಸ್ಥ ಪೋರ್ಚುಗಲ್ಲಿನ ವಶದಲ್ಲಿತ್ತು. 1942ರ ಜುಲೈನಲ್ಲಿ ಜಪಾನಿನಿಂದ ಅಸಾಮಾ ಮಾರು ಬಂತು, ನ್ಯೂಯಾರ್ಕಿನಿಂದ ಸ್ವೀಡನ್ನಿನ ಗ್ರಿಪ್ಸ್‌ಹೋಮ್ ಬಂತು. ಇಲ್ಲಿಂದ ಇಳಿದವರು ಅದನ್ನು ಹತ್ತಬೇಕು, ಅಲ್ಲಿಂದ ಇಳಿದವರು ಇದನ್ನು. ಊರಿಗೆ ಮರಳುತ್ತಿದ್ದ ನಾರ್ಮನ್ ಅವರಿಗೆ ಆ ಬಂದರಿನಲ್ಲಿ ಹಾರ್ವರ್ಡಿನ ಗೆಳೆಯ, ಜಪಾನೀ ಅರ್ಥಶಾಸ್ತ್ರಜ್ಞ ಶಿಗೆತೊ ತ್ಸುರು ಎದುರಾದರು. ಒಬ್ಬರು ಪೂರ್ವಕ್ಕೆ, ಇನ್ನೊಬ್ಬರು ಪಶ್ಚಿಮಕ್ಕೆ. ಇಬ್ಬರ ದೇಶಗಳೂ ಯುದ್ಧದಲ್ಲಿವೆ. ಸಿಕ್ಕ ಅಷ್ಟು ಹೊತ್ತಿನಲ್ಲಿ ತ್ಸುರು ಹೇಳಿದ್ದು ಪುಸ್ತಕದ ಮಾತು: ಹಾರ್ವರ್ಡಿನ ಮನೆಯಲ್ಲಿ ನನ್ನ ಗ್ರಂಥಗಳು, ಕಾಗದಪತ್ರ ಬಿಟ್ಟು ಬಂದಿದ್ದೇನೆ, ನಿನಗೆ ಬೇಕಾದ್ದನ್ನು ತೆಗೆದುಕೋ ಎಂದು.

ಅದೇ ವರ್ಷದ ಕೊನೆಗೆ ನಾರ್ಮನ್ ಆ ಪುಸ್ತಕಗಳನ್ನು ತರಲು ಹೋದರು. ಬಾಗಿಲಲ್ಲಿ ಎಫ್‌ಬಿಐ ಅಧಿಕಾರಿಗಳಿದ್ದರು. ಶತ್ರುದೇಶದವನ ಕಾಗದಗಳ ನಡುವೆ ಎಡಪಂಥದ ಬರಹಗಳು ಸಿಕ್ಕಿದ್ದವು. ಗಾಬರಿಯಲ್ಲಿ ನಾರ್ಮನ್ ಮೊದಲು, ಸರ್ಕಾರದ ಕೆಲಸದ ಮೇಲೆ ಬಂದಿದ್ದೇನೆ ಎಂದರು. ಆಮೇಲೆ ಆ ಮಾತು ಹಿಂದೆಗೆದುಕೊಂಡು, ಸ್ವಂತಕ್ಕೆ ಬಂದದ್ದೆಂದು ಒಪ್ಪಿದರು. ಒಂದು ಸುಳ್ಳು ಮಾತು, ಅದೂ ಗೆಳೆಯನ ಪುಸ್ತಕದ ಸಲುವಾಗಿ. ಸಾಯುವ ತನಕ ಅದು ಅವರ ಬೆನ್ನು ಬಿಡಲಿಲ್ಲ. ನಾರ್ಮನ್ ಅವರ ಬದುಕಿನಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಕ್ಷಣ ಆ ಬಾಗಿಲಿನದು.

ವಿಳಾಸದ ಪುಸ್ತಕವೂ ಸಾಕ್ಷಿಯಾಗಬಲ್ಲದು, ಗೊತ್ತೇ? 1945ರ ಸೆಪ್ಟೆಂಬರಿನಲ್ಲಿ ಒಟ್ಟಾವಾದ ಸೋವಿಯತ್ ರಾಯಭಾರ ಕಚೇರಿಯ ಸಂಕೇತಲಿಪಿ ಗುಮಾಸ್ತ ಇಗೊರ್ ಗುಜೆಂಕೊ ಕಡತಗಳ ಸಮೇತ ಓಡಿಬಂದು ಕೆನಡಾದ ಆಶ್ರಯ ಬೇಡಿದ. ಅದರ ಬೆನ್ನಿಗೆ ಬಂಧನಗಳು ನಡೆದವು. ಹಾಗೆ ಬಂಧಿತರಾದವರಲ್ಲಿ ಇಸ್ರೇಲ್ ಹಾಲ್ಪರಿನ್ ಎಂಬ ಗಣಿತಜ್ಞ ಒಬ್ಬರು. ಅವರ ವಿಳಾಸದ ಪುಸ್ತಕದಲ್ಲಿ ಹಳೆಯ ಗೆಳೆಯ ನಾರ್ಮನ್ ಹೆಸರಿತ್ತು. ಅಣುಬಾಂಬಿನ ಗುಟ್ಟು ಸೋವಿಯತ್ತಿಗೆ ಸಾಗಿಸಿದ ಕ್ಲೌಸ್ ಫುಕ್ಸ್ ಅವರ ಹೆಸರೂ ಅದರಲ್ಲಿತ್ತು. ಹಾಲ್ಪರಿನ್ ಅವರನ್ನು ನ್ಯಾಯಾಲಯ 1947ರಲ್ಲಿ ಬಿಡುಗಡೆ ಮಾಡಿತು. ಪುಸ್ತಕದಲ್ಲಿದ್ದವರ ಹೆಸರುಗಳಿಗೆ ಮಾತ್ರ ಬಿಡುಗಡೆ ಸಿಗಲಿಲ್ಲ.

ಜಪಾನ್ ಸೋತ ಮೇಲೆ ನಾರ್ಮನ್ ಅಲ್ಲಿನ ಆಡಳಿತದ ಹೊಣೆ ಹೊತ್ತಿದ್ದ ಅಮೆರಿಕದ ಜನರಲ್ ಮೆಕಾರ್ಥರ್ ಅವರ ಪ್ರತಿಗುಪ್ತಚರ ವಿಭಾಗಕ್ಕೆ ಎರವಲು ಸೇವೆಯ ಮೇಲೆ ಹೋದರು. ಗಮನಿಸಿ: ಗೂಢಚಾರನೆಂದು ಮುಂದೆ ಶಂಕೆಗೊಳಗಾದವರ ಆಗಿನ ಕೆಲಸ ಗೂಢಚಾರರ ಮೇಲೆ ಕಣ್ಣಿಡುವ ವಿಭಾಗದಲ್ಲಿ. 1945ರ ಅಕ್ಟೋಬರಿನಲ್ಲಿ ರಾಜಕೀಯ ಕೈದಿಗಳನ್ನೆಲ್ಲ ಬಿಡಬೇಕೆಂದು ಮೆಕಾರ್ಥರ್ ಆಜ್ಞೆ ಹೊರಟಿತು. ನಾರ್ಮನ್ ಮತ್ತು ಅಮೆರಿಕದ ರಾಜತಾಂತ್ರಿಕ ಜಾನ್ ಎಮರ್ಸನ್ ಟೋಕಿಯೊ ಹೊರವಲಯದ ಫುಚು ಜೈಲಿಗೆ ಹೋಗಿ ಅಲ್ಲಿದ್ದ ಕಮ್ಯುನಿಸ್ಟ್ ನಾಯಕರಾದ ಕ್ಯೂಯಿಚಿ ತೊಕುದಾ, ಯೊಶಿಯೊ ಶಿಗಾ ಅವರನ್ನು ಕಂಡರು. ಇಬ್ಬರೂ 1928ರಿಂದ ಸೆರೆಯಲ್ಲಿದ್ದವರು. ಹೇಳಿಕೆ ಪಡೆಯಲು ಅವರನ್ನು ಕಾರಿನಲ್ಲಿ ಕಚೇರಿಗೆ ಕರೆತಂದರು. ಮೇಲಧಿಕಾರಿ ಹೇಳಿದ ಕೆಲಸ, ಹಗಲಿನಲ್ಲೇ ಮಾಡಿದ್ದು. ಆದರೆ ಎಡವೆಂದರೆ ಕೆಂಡಕಾರುತ್ತಿದ್ದ ಜನರಲ್ ಚಾರ್ಲ್ಸ್ ವಿಲೊಬಿ ಗುಪ್ತಚರ ವಿಭಾಗದ ಮುಖ್ಯಸ್ಥರಾಗಿದ್ದರು. ಅವರ ಕಣ್ಣಿಗೆ ಆ ಕಾರಿನ ಪ್ರಯಾಣ ಬೇರೆಯೇ ಆಗಿ ಕಂಡಿತು. 1957ರಲ್ಲಿ, ಕಮ್ಯುನಿಸ್ಟರ ಹುಡುಕಾಟದಲ್ಲಿದ್ದ ಅಮೆರಿಕದ ಸೆನೆಟ್ ಉಪಸಮಿತಿ ಎಮರ್ಸನ್ ಅವರನ್ನು ಕೂರಿಸಿ ಕೇಳಿದ್ದರಲ್ಲಿ ಹನ್ನೆರಡು ವರ್ಷ ಹಳೆಯದಾದ ಈ ಪ್ರಯಾಣವೂ ಒಂದು.

1946ರಿಂದ 1950ರ ವರೆಗೆ ನಾರ್ಮನ್ ಟೋಕಿಯೊದಲ್ಲಿ ಕೆನಡಾದ ಮುಖ್ಯ ಪ್ರತಿನಿಧಿ. ಹಗಲು ಕಚೇರಿ, ಉಳಿದ ಹೊತ್ತು ಹಸ್ತಪ್ರತಿ. 1948ರಲ್ಲಿ ಕೇಯೊ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತ ಅವರು ಆರಿಸಿಕೊಂಡ ವಿಷಯ ವಾಕ್ ಸ್ವಾತಂತ್ರ್ಯ: ಆಳುವವರು ಮನವೊಲಿಸಬೇಕೋ, ಬಲ ಹಾಕಬೇಕೋ ಎಂಬ ಪ್ರಶ್ನೆ.

ಆಂಡೊ ಶೋಎಕಿ ಹೆಸರು ಕೇಳಿದ್ದೀರಾ? ಹದಿನೆಂಟನೇ ಶತಮಾನದಲ್ಲಿ ಜಪಾನಿನ ಉತ್ತರ ಮೂಲೆಯಲ್ಲಿದ್ದ ವೈದ್ಯ. ನೆಲ ಉತ್ತು ಉಣ್ಣುವವನೇ ಮನುಷ್ಯ, ಉಳದೆ ಉಣ್ಣುವ ಸಮುರಾಯಿ, ಪುರೋಹಿತ, ಪಂಡಿತರೆಲ್ಲ ಕಳ್ಳರು ಎಂದು ಬರೆದಿಟ್ಟವನು. ಬರೆದದ್ದನ್ನು ಬದುಕಿರುವಾಗ ಹೆಚ್ಚು ಜನಕ್ಕೆ ತೋರಿಸುವ ಹಾಗಿರಲಿಲ್ಲ. 1899ರಲ್ಲಿ ಕೊಕಿಚಿ ಕಾನೊ ಎಂಬ ವಿದ್ವಾಂಸರಿಗೆ ಅವನ ಹಸ್ತಪ್ರತಿ ಸಿಕ್ಕಿತು. ಟೋಕಿಯೊ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದ ಆ ಸಂಪುಟಗಳಲ್ಲಿ ಹೆಚ್ಚಿನವು 1923ರ ಮಹಾ ಭೂಕಂಪದ ಬೆಂಕಿಗೆ ಆಹುತಿಯಾದವು, ಕೆಲವಷ್ಟೇ ಉಳಿದವು. ಉಳಿದದ್ದನ್ನು ಹಿಡಿದು ನಾರ್ಮನ್ 1949ರಲ್ಲಿ ಒಂದು ಪುಸ್ತಕ ಬರೆದರು. ಮರುವರ್ಷ ಅದು ಜಪಾನೀ ಭಾಷೆಗೆ ಬಂದಾಗ ಇಟ್ಟ ಹೆಸರು ಮರೆತುಹೋದ ಚಿಂತಕ ಎಂಬರ್ಥದ್ದು. ಜಪಾನಿನ ಸಾಮಾನ್ಯ ಓದುಗರು ತಮ್ಮದೇ ನೆಲದ ಶೋಎಕಿಯನ್ನು ಹೀಗೆ ಕೆನಡಾದವರೊಬ್ಬರ ಕೈಯಿಂದ ಮರಳಿ ಪಡೆದರು. ರಾಯಭಾರಿ ಕೆಲಸದ ಜೊತೆಗೇ ಇಂಥ ಪುಸ್ತಕ ಬರೆದ ಅಧಿಕಾರಿಗಳು ಯಾವ ದೇಶದಲ್ಲೂ ಬಹಳ ಮಂದಿ ಇಲ್ಲ.

1950ರ ಅಕ್ಟೋಬರಿನಲ್ಲಿ ಒಟ್ಟಾವಾದಿಂದ ಕರೆ ಬಂತು. ಹೊರಟು ಬಂದವರನ್ನು ಕೆನಡಾದ ಪೊಲೀಸರು ವಾರಗಟ್ಟಲೆ ಪ್ರಶ್ನಿಸಿದರು. ಕೊನೆಗೆ ಅವರ ನಿಷ್ಠೆಯಲ್ಲಿ ದೋಷ ಕಾಣಲಿಲ್ಲವೆಂದು ತೀರ್ಮಾನವಾಯಿತು. ಇಲ್ಲೊಂದು ಅನಾಹುತ ನಡೆಯಿತು. ಪೊಲೀಸರು ಆತುರದಲ್ಲಿ ಮೊದಲು ಬರೆದ ವರದಿಯಲ್ಲಿ ತಪ್ಪುಗಳಿದ್ದವು. ಅದು ಆಗಲೇ ಎಫ್‌ಬಿಐ ಕೈ ಸೇರಿತ್ತು. ಮುಂದೆ ತಿದ್ದಿದ ವರದಿಯನ್ನೂ ಕಳಿಸಿದರು. ಆದರೆ ಸೆನೆಟ್ ಉಪಸಮಿತಿಯವರು ಹಿಡಿದುಕೊಂಡದ್ದು ತಿದ್ದದ ಆ ಹಳೆಯ ಕಾಗದವನ್ನೇ.

1951ರ ಮೇ 25ರ ರಾತ್ರಿ ಬರ್ಜಸ್ ಮತ್ತು ಮೆಕ್ಲೀನ್ ಇಂಗ್ಲೆಂಡಿನಿಂದ ಕಣ್ಮರೆಯಾದರು. ಕೇಂಬ್ರಿಡ್ಜಿನಲ್ಲಿ ಮೂವತ್ತರ ದಶಕದಲ್ಲಿ ಓದಿದ ಎಡಪಂಥೀಯನೆಂದರೆ ಬೆಚ್ಚಿಬೀಳುವ ದಿನಗಳು ಶುರುವಾದವು. ಅದೇ ವರ್ಷದ ಆಗಸ್ಟ್ 7ರಂದು ಸೆನೆಟ್ ಉಪಸಮಿತಿಯ ಮುಂದೆ ಕಾರ್ಲ್ ವಿಟ್‌ಫೋಗೆಲ್ ನಾರ್ಮನ್ ಹೆಸರು ಹೇಳಿದರು. ಚೀನಾ ಕುರಿತ ದೊಡ್ಡ ವಿದ್ವಾಂಸರಾದ ಇವರು ಒಂದು ಕಾಲಕ್ಕೆ ಸ್ವತಃ ಜರ್ಮನಿಯ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. ಇವರ ಮಾತಿಗೆ ಆಧಾರ, 1938ರ ಬೇಸಿಗೆಯಲ್ಲಿ ನಡೆದ ಒಂದು ಅಧ್ಯಯನ ಕೂಟ. ತ್ಸುರು ಅವರ ನಂಟು ಅಲ್ಲೂ ಇತ್ತು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಗಾದೆ ನಮ್ಮಲ್ಲಿದೆಯಲ್ಲ, ನಾರ್ಮನ್ ಕತೆಗೆ ಅದನ್ನು ಪೂರ್ತಿಯಾಗಿ ಹೊಂದಿಸುವುದು ಪ್ರಾಮಾಣಿಕವಲ್ಲ. ಕೇಂಬ್ರಿಡ್ಜಿನಲ್ಲಿ ಅವರು ನಿಜಕ್ಕೂ ಕಮ್ಯುನಿಸ್ಟರಾಗಿದ್ದರು. ವಿಚಾರಣೆಯಲ್ಲಿ ಪಕ್ಷದ ಸದಸ್ಯತ್ವವನ್ನು ಒಪ್ಪಲಿಲ್ಲ, ಆಗಿನ ನಂಟಿನ ಆಳವನ್ನು ಆದಷ್ಟೂ ಕಡಿಮೆ ಮಾಡಿ ಹೇಳಿದರು. ಈ ಮುಚ್ಚುಮರೆ ಅವರಿಗೇ ಮುಳುವಾಯಿತು. ಆದರೆ ಒಂದು ಮತವನ್ನು ನಂಬಿದ್ದು ಬೇರೆ, ದೇಶದ ಗುಟ್ಟನ್ನು ಮಾರಿದ್ದು ಬೇರೆ. ಅವರು ಒಂದೇ ಒಂದು ಗುಟ್ಟಿನ ಕಾಗದವನ್ನು ಯಾರಿಗಾದರೂ ಕೊಟ್ಟರೆಂದು ತೋರಿಸಲು ಅಂದೂ ಯಾರಿಗೂ ಆಗಲಿಲ್ಲ, ಮುಂದೆಯೂ ಆಗಲಿಲ್ಲ. ಈ ಎರಡನ್ನು ಒಂದೇ ತಕ್ಕಡಿಗೆ ಹಾಕಿದ್ದೇ ಆ ಕಾಲದ ಘೋರ ತಪ್ಪು ಎಂದು ನಾನು ನಂಬುತ್ತೇನೆ.

1952ರ ಜನವರಿಯಲ್ಲಿ ಮತ್ತೆ ವಿಚಾರಣೆ, ಮತ್ತೆ ಕ್ಲೀನ್ ಚಿಟ್. 1953ರಲ್ಲಿ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್ ಅವರನ್ನು ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ ಕಳಿಸಿದರು. ವಾಷಿಂಗ್ಟನ್ನಿನ ಕಣ್ಣಿಗೆ ಬೀಳದಷ್ಟು ದೂರ.

ಮೂರು ವರ್ಷದ ಬಳಿಕ ಮತ್ತೆ ಬೆಂಕಿಯ ಬಾಯಿಗೆ. 1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಆಗಸ್ಟಿನಲ್ಲಿ ನಾರ್ಮನ್ ಕೆನಡಾದ ರಾಯಭಾರಿಯಾಗಿ ಕೈರೋಗೆ ಬಂದಿಳಿದರು. ಅಕ್ಟೋಬರ್ ಕೊನೆಗೆ ಇಸ್ರೇಲ್, ಅದರ ಬೆನ್ನಿಗೆ ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ಬಿದ್ದವು.

ಆ ಯುದ್ಧ ತಣಿಸಲು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಕಳಿಸುವ ಕಲ್ಪನೆಗೆ ರೂಪ ಕೊಟ್ಟವರು ಪಿಯರ್ಸನ್. ಆ ಪಡೆಯಲ್ಲಿ ಕೆನಡಾದ ಸೈನಿಕರು ಇರಬಾರದೆಂದು ಮೊದಲು ಪಟ್ಟು ಹಿಡಿದವರು ನಾಸೆರ್ ಎಂಬುದು ಗೊತ್ತೇ? ಕಾರಣ ಸರಳ. ಕೆನಡಾ ಹೊರಡಿಸಲಿದ್ದ ತುಕಡಿಯ ಹೆಸರು ಕ್ವೀನ್ಸ್ ಓನ್ ರೈಫಲ್ಸ್, ಅಂದರೆ ರಾಣಿಯ ಸ್ವಂತ ಬಂದೂಕು ಪಡೆ. ಸಮವಸ್ತ್ರ ನೋಡಿದರೆ ಬ್ರಿಟಿಷರದ್ದೇ. ಮೊನ್ನೆ ಬಾಂಬು ಹಾಕಿದವರ ವೇಷದಲ್ಲೇ ಇಂದು ಶಾಂತಿಪಾಲಕರು ಬಂದರೆ ಜನ ಗುರುತಿಸುವುದು ಹೇಗೆ? ನಾಸೆರ್ ಆತಂಕದಲ್ಲಿ ನ್ಯಾಯವಿತ್ತು. ಅವರೊಡನೆ ಕೂತು ಮಾತಾಡಿ, ಕೆನಡಾದವರು ಪಡೆಯಲ್ಲಿ ಇರಲು ಒಪ್ಪಿಸುವುದರಲ್ಲಿ ನಾರ್ಮನ್ ಪಾತ್ರ ದೊಡ್ಡದು. ಕಾಲಾಳು ತುಕಡಿಯ ಬದಲು ಸರಬರಾಜು, ಸಂಪರ್ಕದಂಥ ಕೆಲಸದ ಸೈನಿಕರು ಬಂದರು.

ಅದೇ ಪಡೆಯಲ್ಲಿ ನಮ್ಮ ಪ್ಯಾರಾಶೂಟ್ ರೆಜಿಮೆಂಟಿನ ಸೈನಿಕರೂ ಇದ್ದರು. ಮುಂದೆ ಅದರ ದಂಡನಾಯಕತ್ವವೇ ಭಾರತದ ಜನರಲ್ ಪಿ. ಎಸ್. ಗ್ಯಾನಿ ಅವರಿಗೆ ಬಂತು. ವಿಶ್ವಸಂಸ್ಥೆಯ ಸೈನಿಕರ ತಲೆಗೆ ನೀಲಿ ಶಿರಸ್ತ್ರಾಣ ಬಂದದ್ದೂ ಇಲ್ಲಿಂದಲೇ. ಯಾವ ದೇಶದ ಸಮವಸ್ತ್ರವೆಂಬ ಗೊಂದಲ ತಪ್ಪಿಸಲು ಇದ್ದ ಶಿರಸ್ತ್ರಾಣಗಳಿಗೇ ನೀಲಿ ಬಣ್ಣ ಬಳಿದರು.

1957ರ ನೊಬೆಲ್ ಶಾಂತಿ ಪ್ರಶಸ್ತಿ ಪಿಯರ್ಸನ್ ಅವರಿಗೆ ಬಂತು. ನಾರ್ಮನ್ ಅದನ್ನು ಕಾಣಲಿಲ್ಲ.

ಅದಕ್ಕೆ ಕಾರಣ ಆ ವರ್ಷದ ಮಾರ್ಚ್ ತಿಂಗಳು. ಮಾರ್ಚ್ 14ರಂದು ಸೆನೆಟ್ ಉಪಸಮಿತಿ ತನ್ನ ವಿಚಾರಣೆಯ ನಡಾವಳಿಯನ್ನು ಪತ್ರಿಕೆಗಳಿಗೆ ಬಿಟ್ಟಿತು. ಮುಖ್ಯ ವಕೀಲ ರಾಬರ್ಟ್ ಮಾರಿಸ್ ಹಳೆಯ ಆರೋಪಗಳನ್ನೆಲ್ಲ ಮತ್ತೆ ಎತ್ತಿ ಆಡಿದ್ದರು. ಕೆನಡಾ ಸರ್ಕಾರ ಖಾರವಾಗಿಯೇ ಪ್ರತಿಭಟಿಸಿತು. ಹಿಂದೆಯೇ ಮಾರ್ಚ್ ಕೊನೆಯ ವಾರದಲ್ಲಿ ಉಪಸಮಿತಿ ಕರೆಸಿದ್ದು ಯಾರನ್ನು ಗೊತ್ತೇ? ಆಗ ಹಾರ್ವರ್ಡಿನಲ್ಲಿ ಅತಿಥಿ ಉಪನ್ಯಾಸಕರಾಗಿದ್ದ ಶಿಗೆತೊ ತ್ಸುರು ಅವರನ್ನು. ಹದಿನೈದು ವರ್ಷ ಹಿಂದೆ ಅವರು ಬಿಟ್ಟುಹೋಗಿದ್ದ ಅದೇ ಕಾಗದಪತ್ರ ಮೇಜಿನ ಮೇಲೆ ಬಂದವು.

ಈ ದುರಂತವನ್ನು ಕಮ್ಯುನಿಸ್ಟರ ಬೇಟೆಗೆ ಹೆಸರಾದ ಅಮೆರಿಕದ ಸೆನೆಟರ್ ಜೋ ಮೆಕಾರ್ಥಿ ಲೆಕ್ಕಕ್ಕೆ ಬರೆಯುವುದು ರೂಢಿ. ಆದರೆ ಮೆಕಾರ್ಥಿ ಅವರನ್ನು ಸೆನೆಟ್ಟೇ ಖಂಡಿಸಿ ಮೂಲೆಗೆ ತಳ್ಳಿದ್ದು 1954ರ ಡಿಸೆಂಬರಿನಲ್ಲಿ. ಆ ಮನುಷ್ಯನ ಪ್ರಭಾವ ಮುಗಿದ ಮೇಲೂ ಕಡತಗಳು ಓಡಾಡುತ್ತಲೇ ಇದ್ದವು.

ಏಪ್ರಿಲ್ 3ರ ಸಂಜೆ ಕೈರೋದಲ್ಲಿ ನಾರ್ಮನ್ ಒಂದು ಜಪಾನೀ ಸಿನಿಮಾ ನೋಡಿದರು. ಕಿಡೊ ಒಕಾಮೊಟೊ ಅವರ ನಾಟಕವನ್ನು ಆಧರಿಸಿದ ಶುಜೆಂಜಿ ಎಂಬ ಊರಿನ ಕತೆ. ಅದರಲ್ಲೊಬ್ಬ ಮುಖವಾಡ ಕೆತ್ತುವ ಕುಶಲಕರ್ಮಿ. ಅರಸನ ಮುಖವನ್ನು ಎಷ್ಟು ಸಲ ಕೆತ್ತಿದರೂ ಮರದಲ್ಲಿ ಮೂಡುವುದು ಸತ್ತವನ ಕಳೆ. ಕೈ ಕೆಟ್ಟಿತೆಂದು ಅವನು ನೊಂದುಕೊಳ್ಳುತ್ತಾನೆ. ಅರಸ ಕೊಲೆಯಾದ ಮೇಲೆ ತಿಳಿಯುತ್ತದೆ, ಕೈ ಕಂಡದ್ದು ಸರಿಯಾಗಿತ್ತು ಎಂದು.

ಮರುದಿನ ಬೆಳಿಗ್ಗೆ, 1957ರ ಏಪ್ರಿಲ್ 4ರಂದು, ನಾರ್ಮನ್ ನೈಲ್ ದಂಡೆಯ ಬಹುಮಹಡಿ ಕಟ್ಟಡವೊಂದರಿಂದ ಬಿದ್ದು ಪ್ರಾಣಬಿಟ್ಟರು. ಹೆಂಡತಿ ಐರೀನ್‌ಗೆ, ಅಣ್ಣ ಹೊವರ್ಡ್‌ಗೆ, ಅದೇ ಕಟ್ಟಡದಲ್ಲಿದ್ದ ಸ್ವೀಡನ್ನಿನ ರಾಜತಾಂತ್ರಿಕರಿಗೆ ಚೀಟಿಗಳನ್ನು ಬರೆದಿಟ್ಟಿದ್ದರು. ಗೌಪ್ಯತೆಯ ಪ್ರಮಾಣವನ್ನು ತಾನು ಎಂದೂ ಮುರಿಯಲಿಲ್ಲ ಎಂಬುದು ಅವರು ಬಿಟ್ಟುಹೋದ ಮಾತಿನ ಸಾರ.

ಒಬ್ಬ ಅಧಿಕಾರಿಯ ಸಾವಿಗೆ ಎರಡು ಮಿತ್ರದೇಶಗಳ ಸಂಬಂಧ ನಡುಗಿದ್ದುಂಟೇ? ಉಂಟು. ಏಪ್ರಿಲ್ 10ರಂದು ಪಿಯರ್ಸನ್, ಕೊಟ್ಟ ಭದ್ರತಾ ಮಾಹಿತಿ ಹೀಗೆ ಸಮಿತಿಗಳ ಕೈಗೆ ಹೋಗುವುದಾದರೆ ಇನ್ನು ಕೊಡುವುದೇ ಇಲ್ಲ ಎಂದು ಅಮೆರಿಕಕ್ಕೆ ತಿಳಿಸಿದರು. ಎರಡೇ ದಿನದಲ್ಲಿ ಅದೇ ಪಿಯರ್ಸನ್ ಸಂಸತ್ತಿನಲ್ಲಿ, ವಿದ್ಯಾರ್ಥಿ ದೆಸೆಯಲ್ಲಿ ನಾರ್ಮನ್ ಅವರಿಗೆ ಕಮ್ಯುನಿಸ್ಟ್ ನಂಟಿತ್ತೆಂದೂ ಒಪ್ಪಬೇಕಾಯಿತು. ಈ ಮಾತನ್ನು ಅವರು ಮೊದಲೇ ಧೈರ್ಯದಿಂದ ಆಡಿದ್ದರೆ ಎಂಬ ಯೋಚನೆ ನನಗೆ ಬರುತ್ತಲೇ ಇರುತ್ತದೆ. ಮುಚ್ಚಿಟ್ಟದ್ದಕ್ಕೆ ಇರುವ ಬಲ ಬಿಚ್ಚಿಟ್ಟದ್ದಕ್ಕೆ ಇರುವುದಿಲ್ಲ.

ನಾರ್ಮನ್ ಅವರನ್ನು ಮಣ್ಣು ಮಾಡಿದ್ದು ಕೆನಡಾದಲ್ಲೂ ಅಲ್ಲ, ಜಪಾನಿನಲ್ಲೂ ಅಲ್ಲ. ರೋಮ್ ನಗರದಲ್ಲಿ, ಕ್ಯಾಥೊಲಿಕರಲ್ಲದ ಪರದೇಶಿಯರಿಗೆಂದು ಇರುವ ಸ್ಮಶಾನದಲ್ಲಿ. ಕೀಟ್ಸ್, ಶೆಲ್ಲಿ ಮಲಗಿರುವ ಜಾಗ.

ಜಪಾನಿನ ದೊಡ್ಡ ರಾಜಕೀಯ ಚಿಂತಕ ಮಸಾವೊ ಮರುಯಾಮಾ ಗೆಳೆಯನನ್ನು ನೆನೆದು ಬರೆದ ಲೇಖನ ಅದೇ ವರ್ಷ ಇಂಗ್ಲಿಷಿನಲ್ಲೂ ಬಂತು. ಚಿಕ್ಕ ಹೆಸರಿನವರ ಮೇಲಿನ ಅಕ್ಕರೆ ಎಂಬುದು ಅದರ ತಲೆಬರಹದ ಅರ್ಥ. ಇತಿಹಾಸದಲ್ಲಿ ಹೆಸರು ಉಳಿಯದ ರೈತ, ಕಾಲಾಳು, ಹಳ್ಳಿ ವೈದ್ಯರನ್ನು ಹುಡುಕಿ ಹೋದ ನಾರ್ಮನ್ ಅವರನ್ನು ಇಷ್ಟು ಸರಿಯಾಗಿ ಹಿಡಿದ ಮಾತು ನಾನು ಬೇರೆ ಕಂಡಿಲ್ಲ.

1986ರಲ್ಲಿ, ಒಂದೇ ವರ್ಷ, ಅವರ ಬಗ್ಗೆ ಎರಡು ಪುಸ್ತಕಗಳು ಬಂದವು. ಜೇಮ್ಸ್ ಬ್ಯಾರೊಸ್ ಅವರದ್ದು ಬೇಹುಗಾರನಾಗಿದ್ದಿರಬಹುದು ಎನ್ನುವ ಪುಸ್ತಕ, ರೋಜರ್ ಬೊವೆನ್ ಅವರದ್ದು ಅಲ್ಲವೇ ಅಲ್ಲ ಎನ್ನುವ ಪುಸ್ತಕ. ಜಗಳ ಸಂಸತ್ತಿನವರೆಗೂ ಹೋಗಿ, ಸರ್ಕಾರ ರಾಜ್ಯಶಾಸ್ತ್ರಜ್ಞ ಪೇಟನ್ ಲಿಯಾನ್ ಅವರಿಗೆ ಎಲ್ಲ ಕಡತ ಒಪ್ಪಿಸಿತು. 1990ರಲ್ಲಿ ಬಂದ ಅವರ ವರದಿ ಹೇಳಿದ್ದು: ಕೇಂಬ್ರಿಡ್ಜಿನಲ್ಲಿ ಕಮ್ಯುನಿಸ್ಟ್, ಹೌದು. ಗೂಢಚಾರ, ಅಲ್ಲ. ಸತ್ತ 33 ವರ್ಷಕ್ಕೆ.

ಅವರ ಬರಹಗಳ ಸಮಗ್ರ ಸಂಪುಟ ಬಂದದ್ದು ಇಂಗ್ಲಿಷಿನಲ್ಲಲ್ಲ, ಜಪಾನೀ ಭಾಷೆಯಲ್ಲಿ ಎಂಬುದು ಗೊತ್ತೇ? ಗೆಂಜಿ ಒಕುಬೊ ಅನುವಾದಿಸಿದ ನಾಲ್ಕು ಸಂಪುಟಗಳನ್ನು ಟೋಕಿಯೊದ ಇವಾನಾಮಿ ಪ್ರಕಾಶನ 1977-78ರಲ್ಲಿ ತಂದಿತು. ಇಂಗ್ಲಿಷಿನಲ್ಲಿ, 1975ರಲ್ಲಿ ಇತಿಹಾಸಕಾರ ಜಾನ್ ಡೋವರ್ ಆಯ್ದು ಕೊಟ್ಟ ಒಂದು ಸಂಪುಟವಿದೆ. ಅಮೆರಿಕದ ವಿದ್ವತ್ ಲೋಕ ನಾರ್ಮನ್ ಅವರನ್ನು ಬದಿಗೆ ಸರಿಸಿದ್ದು ಹೇಗೆಂದು ಅದರ ದೀರ್ಘ ಮುನ್ನುಡಿ ಹೇಳುತ್ತದೆ.

2001ರಲ್ಲಿ ಟೋಕಿಯೊದ ಕೆನಡಾ ರಾಯಭಾರ ಕಚೇರಿಯ ಗ್ರಂಥಾಲಯಕ್ಕೆ ನಾರ್ಮನ್ ಹೆಸರಿಟ್ಟರು. 1941ರಲ್ಲಿ ಅವರು ಬಂದಿಯಾಗಿದ್ದ ಅದೇ ಆವರಣ. ಈಗ ಅಲ್ಲಿರುವ ಕಟ್ಟಡ 1991ರದ್ದು, ವಿನ್ಯಾಸ ಮಾಡಿದವರು ರೇಮಂಡ್ ಮೊರಿಯಾಮಾ. ವ್ಯಾಂಕೂವರಿನಲ್ಲಿ ಹುಟ್ಟಿದ ಜಪಾನೀ ಮೂಲದ ಕೆನಡಿಯನ್. ಯುದ್ಧಕಾಲದಲ್ಲಿ ಜಪಾನೀ ಮೂಲದ ಸುಮಾರು 22,000 ಜನರನ್ನು ಶತ್ರುವಿನ ಕಡೆಯವರಿರಬಹುದೆಂಬ ಶಂಕೆಯ ಮೇಲೆ ಕೆನಡಾ ಮನೆಮಠ ಬಿಡಿಸಿತಲ್ಲ, ಆಗ ಬೇಲಿಯೊಳಗೆ ಬೆಳೆದ ಹುಡುಗರಲ್ಲಿ ಮೊರಿಯಾಮಾ ಒಬ್ಬರು.